ಸೇತುವೆಯ ಮೇಲೆ ಮುಖ್ಯ ಅತಿಥಿ

ಮದುವೆಯಾದ ವರ್ಷ ಅಪ್ಪ ಅಮ್ಮನನ್ನು ಗೌರಿಬಿದನೂರಿಗೆ ಸಿನಿಮಾಕ್ಕೆ ಕರೆದೊಯ್ದಿದ್ದರು. ಇಂಗ್ಲಿಷ್ ಚಿತ್ರ. ಯುದ್ಧ ನಡೆಯುತ್ತಿದೆ, ಒಬ್ಬ ಲಾರಿ ಡ್ರೈವರೂ ಒಬ್ಬಳು ಸಂಗೀತದ ಟೀಚರೂ ಸೈನಿಕರಿಂದ ತಪ್ಪಿಸಿಕೊಂಡು ಹಿಮದ ಬೆಟ್ಟ ಹತ್ತುತ್ತಾರೆ, ಜಗಳವಾಡುತ್ತಲೇ ಪ್ರೀತಿಸುತ್ತಾರೆ. ಕೊನೆಗೊಂದು ಮುರುಕು ಸೇತುವೆ, ಆಚೆ ಗಡಿ. ಅವರು ಸೇತುವೆಗೆ ಕಾಲಿಡುವಾಗ ಅಪ್ಪ, "ಏಳೇ, ತೊಂಡೇಬಾವಿಗೆ ಇದೇ ಕೊನೇ ರೈಲು" ಅಂದರಂತೆ.

ಇದೆಲ್ಲ ಅಮ್ಮ ಹೇಳಿದ್ದು. ಕೆಲವು ಸಲ ಅವಳು ಹೇಳುವಾಗ ಅದು ರೈಲಲ್ಲ, ಹಸು ಕರೆಯುವ ಹೊತ್ತು. ನೆನಪು ತನಗೆ ಬೇಕಾದ ಕಾರಣ ಹುಡುಕಿಕೊಳ್ಳುತ್ತದೆ, ಆ ಕಾರಣಗಳನ್ನು ನಾನು ನಂಬುವುದಿಲ್ಲ. ನಂಬುವುದು ಇಷ್ಟನ್ನೇ: ಚಿತ್ರದ ಅವರಿಬ್ಬರೂ ಸೇತುವೆ ದಾಟಿದರೋ ಇಲ್ಲವೋ ಅಮ್ಮನಿಗೆ ಗೊತ್ತಾಗಲೇ ಇಲ್ಲ, ಅಪ್ಪ ತೀರಿಕೊಂಡ ಮೇಲೂ ಆ ಕೊರಗು ಹೋಗಲಿಲ್ಲ. ಫೋನಲ್ಲಿ ತೋರಿಸುತ್ತೇನೆ ಅಂದರೆ, "ಅಂಗೈಯಗಲದಲ್ಲಿ ಬೆಟ್ಟ ಏನು ಕಾಣತ್ತಪ್ಪ" ಅನ್ನುತ್ತಿದ್ದಳು.

ಹೋದ ವರ್ಷ ಚಿಕ್ಕಬಳ್ಳಾಪುರದ ಸಭಾಂಗಣವೊಂದರಲ್ಲಿ ಅದೇ ಚಿತ್ರ ಹಾಕಿದರು. ಅಮ್ಮನೂ ನಾನೂ ಮುಂದಿನ ಸಾಲಲ್ಲೇ ಕೂತೆವು. ಸೇತುವೆ ಬಂತು. ಲೈಟು ಹತ್ತಿತು.

ಮುಖ್ಯ ಅತಿಥಿ ಬಂದಿದ್ದರು. ಚಿತ್ರ ನಿಲ್ಲಿಸಿ, ಪರದೆಯ ಮುಂದೆ ಅವರದೇ ಮುಖದ ಫ್ಲೆಕ್ಸ್ ಕಟ್ಟಿದರು. ಪೇಟ, ಶಾಲು, ಹಾರ, ದ್ರಾಕ್ಷಿಯ ಬುಟ್ಟಿ. ಚಿತ್ರವನ್ನು ಅವರು ನೋಡಿರಲಿಲ್ಲ. ಅದರಿಂದ ಯುವಜನರು ಏನು ಕಲಿಯಬೇಕೆಂದು ಮಾತ್ರ ಸವಿಸ್ತಾರವಾಗಿ ಹೇಳಿದರು. ಇಬ್ಬರು ಮನುಷ್ಯರು ಪ್ರಾಣ ಕೈಲಿ ಹಿಡಿದು ನಿಂತಿರುವಾಗ ನಮ್ಮವರಿಗೆ ಹಾರದ ಚಿಂತೆ.

ಅವರು ಹೊರಟ ಮೇಲೆ ವ್ಯವಸ್ಥಾಪಕರು, "ಟೈಮಾಯ್ತು. ಕೊನೇ ಹತ್ತು ನಿಮಿಷ ತಾನೆ, ಮೊಬೈಲಲ್ಲಿ ನೋಡ್ಕೊಳ್ಳಿ" ಅಂದರು. ನಾನು ದನಿಯೇರಿಸಿದೆ. ಅಮ್ಮ ನನ್ನ ತೋಳು ಹಿಡಿದು ಅವರಿಗೆ ಹೇಳಿದಳು:

"ಸಾಹೇಬ್ರಿಗೆ ಹಾರ ಹಾಕಿದ್ದಾಯ್ತಲ್ಲಪ್ಪ. ಈಗ ಅವರಿಬ್ರನ್ನ ದಾಟಿಸಿ."

"ಫ್ಲೆಕ್ಸ್ ಕಟ್ಟಿದೋರು ಊಟಕ್ಕೆ ಹೋಗವ್ರೆ ಅಮ್ಮ."

"ಅದರ ಮೇಲೇ ಚಿತ್ರ ಬಿಡಿ."

ಬಿಟ್ಟರು. ಹಿಮವೆಲ್ಲ ಅತಿಥಿಯ ಬಿಳಿ ಅಂಗಿಯಲ್ಲಿ ಕರಗಿತು. ಟೀಚರು ಅವರ ಮೀಸೆಯ ಹತ್ತಿರ ಜಾರಿದಳು. ಡ್ರೈವರು ಕೈ ಹಿಡಿದನೋ ಬಿಟ್ಟನೋ, ಅಲ್ಲಿ ದಪ್ಪ ಅಕ್ಷರದಲ್ಲಿ ಹಾರ್ದಿಕ ಸ್ವಾಗತವಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಚಿತ್ರ ಮುಗಿಯಿತು.

"ದಾಟಿದ್ರು" ಅಂದಳು ಅಮ್ಮ.

"ನಿನಗೆಲ್ಲಿ ಕಾಣ್ತಮ್ಮ?"

"ನೀನು ಆ ಮೀಸೇನ ಬೈತಾ ಕೂತಿದ್ದೆ. ನಾನು ನೋಡ್ದೆ."