ನಾಲ್ಕು ಜೇಬಿನ ಸಫಾರಿ

ಸಫಾರಿ ಸೂಟಿಗೆ ನಾಲ್ಕು ಜೇಬುಗಳೇಕೆ ಎಂಬುದು ನನ್ನನ್ನು ಬಹುಕಾಲ ಕಾಡಿದ ಪ್ರಶ್ನೆ. ಒಂದರಲ್ಲಿ ಪೆನ್ನು, ಇನ್ನೊಂದರಲ್ಲಿ ಕನ್ನಡಕ. ಉಳಿದೆರಡರಲ್ಲಿ ಅಧಿಕಾರವನ್ನು ಇಟ್ಟುಕೊಳ್ಳುತ್ತಾರೆಂದು ಈಗ ನಂಬಿದ್ದೇನೆ.

ತೊಂಬತ್ತರ ದಶಕದ ಕೊನೆಯಲ್ಲಿ, ಮನಶ್ಶಾಸ್ತ್ರದ ಎಂ.ಎ. ಮುಗಿಸಿದ ನನಗೆ ಶಿವಾಜಿನಗರದ ಮಹಿಳಾ ಕಾಲೇಜೊಂದರಲ್ಲಿ ಉಪನ್ಯಾಸಕಿ ಹುದ್ದೆಯ ಸಂದರ್ಶನವಿತ್ತು. ಅದು ಕೈತಪ್ಪಿದರೆ ಮನೆಯವರು ನೋಡಿಟ್ಟ ವರನಿಗೆ ತಲೆಯಾಡಿಸಬೇಕೆಂದು ಒಪ್ಪಂದವಾಗಿತ್ತು. ಕೃಷ್ಣರಾಜಪುರದಲ್ಲಿ ಬಸ್ಸು ಹತ್ತಿ, ಅಂದು ಮಾತಾಡಬೇಕಿದ್ದ ವಿಷಯವನ್ನೇ ಮೆಲುಕು ಹಾಕುತ್ತಿದ್ದೆ: ಪ್ರಯೋಗಾಲಯದ ಕೋಟು ತೊಟ್ಟವನೊಬ್ಬ 'ಮುಂದುವರಿಸಿ' ಎಂದದ್ದಕ್ಕೇ, ಸಭ್ಯ ಗೃಹಸ್ಥರು ಗೋಡೆಯಾಚೆಯ ಅಪರಿಚಿತನಿಗೆ ವಿದ್ಯುದಾಘಾತ ಕೊಡುತ್ತಲೇ ಹೋದ, ಆಘಾತವೆಲ್ಲ ಬರಿಯ ನಟನೆಯಾಗಿದ್ದ ಆ ಪ್ರಸಿದ್ಧ ಪ್ರಯೋಗ. ಪಾಪ, ವಿದೇಶೀಯರು ಎಂದು ಮರುಗಿದೆ.

ಹಲಸೂರಿನಲ್ಲಿ ಬೂದು ಸಫಾರಿಯ ಹಿರಿಯರೊಬ್ಬರು ಎದ್ದು ಗುಡುಗಿದರು: "ಏಳ್ರೀ ಎಲ್ಲಾ! ಇಳೀರಿ, ಬೇಗ!"

"ಸಾರ್ ಹೇಳ್ತಿದಾರಲ್ಲ, ಇಳೀರಮ್ಮ," ಎಂದು ಕಂಡಕ್ಟರೂ ದನಿಗೂಡಿಸಿದ. ಮುಂದಿನ ಅರ್ಧ ಬಸ್ಸು ಇಳಿಯಿತು. ಎಲ್ಲರಿಗಿಂತ ಮೊದಲು ನಾನು. ಸೀಟಿ ಕೇಳಿತು, ಬಸ್ಸು ಹೋಯಿತು.

"ಯಾಕ್ ಸಾರ್, ಎಲ್ಲರನ್ನೂ ಇಳಿಸಿದ್ರಿ?" ಎಂದೆ.

"ನಾನು ನಮ್ಮೋರಿಗೆ ಹೇಳಿದ್ದಮ್ಮ! ಮದುವೆ ಛತ್ರ ಇಲ್ಲೇ ಅಲ್ವಾ? ನೀವ್ಯಾಕೆ ಇಳಿದ್ರಿ?"

ಅವರ ಹಿಂದಿದ್ದ ರೇಷ್ಮೆ ಸೀರೆಗಳೆಲ್ಲ ನಕ್ಕವು. ನನ್ನ ಪಕ್ಕ ನಿಂತಿದ್ದ ಬುರ್ಖಾದ ಅಜ್ಜಿ ಮಾತ್ರ ನಗಲಿಲ್ಲ. "ಓದಿರೋ ಹುಡುಗಿ ಇಳಿದ್ಲಲ್ಲ ಅಂತ ನಾನೂ ಇಳಿದ್ಬಿಟ್ಟೆ, ಬೇಟಿ!"

ಸಂದರ್ಶನಕ್ಕೆ ತಡವಾಗಿಯೇ ತಲುಪಿದೆ. "ವಿಧೇಯತೆ ಬಗ್ಗೆ ಓದಿದೀರಿ, ಗಡಿಯಾರಕ್ಕೆ ಮಾತ್ರ ವಿಧೇಯತೆ ಇಲ್ವಾ?" ಎಂದರು ಪ್ರಾಂಶುಪಾಲರು. ಬೇರೆ ದಾರಿಯಿಲ್ಲದೆ ನಡೆದದ್ದನ್ನು ಹೇಳಿದೆ. ಅವರು ನಕ್ಕರು, ಅವರ ಮುಖ ನೋಡಿಕೊಂಡು ಸಮಿತಿಯ ಉಳಿದವರೂ, ಹೆಚ್ಚೂ ಅಲ್ಲ ಕಡಿಮೆಯೂ ಅಲ್ಲ, ಅಷ್ಟೇ ನಕ್ಕರು. "ಪಾಠಕ್ಕೆ ಉದಾಹರಣೆ ಹುಡುಕೋ ಕಷ್ಟ ನಿಮಗಿಲ್ಲ ಬಿಡಿ," ಎಂದು ಪ್ರಾಂಶುಪಾಲರು ತಲೆದೂಗಿದರು. ಉಳಿದ ತಲೆಗಳೂ ತೂಗಿದವು. ಕೆಲಸ ನನ್ನದಾಯಿತು; ವರ ಪಾರಾದ.

ಮೊದಲ ತರಗತಿಗೆ ಕಾಲಿಟ್ಟಾಗ ಹುಡುಗಿಯರೆಲ್ಲ ಎದ್ದು ನಿಂತರು. ಗಾಬರಿಯಲ್ಲಿದ್ದ ನಾನು ಹಲಗೆಯತ್ತ ತಿರುಗಿ, ಅಧಿಕಾರವನ್ನು ಪ್ರಶ್ನಿಸಬೇಕಾದ ಅಗತ್ಯವನ್ನು ವಿಸ್ತಾರವಾಗಿ ಬರೆದು, ಮತ್ತೆ ಇತ್ತ ನೋಡಿದರೆ ಅಷ್ಟೂ ಜನ ನಿಂತೇ ಇದ್ದಾರೆ, ನಿಂತೇ ಬರೆದುಕೊಳ್ಳುತ್ತಿದ್ದಾರೆ!

"ಮಿಸ್, ಕೂತ್ಕೋಬಹುದಾ?" ಎಂದಳು ಒಬ್ಬಳು.

ತಕ್ಷಣ 'ಹೂಂ' ಎನ್ನಬೇಕಿತ್ತು. ಎನ್ನಲಿಲ್ಲ, ಓದುಗರೇ, ಒಂದು ಕ್ಷಣ ತಡೆದೆ. ಆ ಒಂದು ಕ್ಷಣ ನನ್ನ ಹತ್ತಿ ಸೀರೆಗೆ ನಾಲ್ಕು ಜೇಬುಗಳು ಮೂಡಿದ್ದವು, ನಿಮ್ಮಾಣೆ.