ರೇಷ್ಮೆಯ ಹೆಸರಿನ ಬಾಟಲಿ

ನಾಲ್ಕೂವರೆಗೆ ನಲ್ಲಿ ಬಿಡುವ ಮುಂಚೆ ಹಂಡೆ ತಿಕ್ಕಬೇಕು. ನೀರು ತುಂಬುತ್ತಿರುವಾಗಲೇ ಹಿಟ್ಟು ನಾದಬೇಕು, ರೊಟ್ಟಿ ಬಡಿಯಬೇಕು, ಗಂಡನ ಡಬ್ಬಿ ಕಟ್ಟಬೇಕು, ನೆನೆಸಿಟ್ಟ ಬಟ್ಟೆ ಒಗೆದು ಗ್ಯಾಲರಿಯಲ್ಲಿ ಹರವಬೇಕು. ಮುಂಬೈಯ ಭಾಂಡುಪಿನ ಚಾಳಿನಲ್ಲಿ ಹನ್ನೆರಡು ವರ್ಷದಿಂದ ಗುರುಬಾಯಿಗೆ ಬೆಳಗಾಗುವುದು ಹೀಗೆಯೇ. ಇವತ್ತು ಮಾತ್ರ ಎರಡನೆಯ ರೊಟ್ಟಿಗೇ ಕೈ ನಿಂತಿತು. ಗೋಡೆಯಾಚೆ ಇಂದ್ರಾಬಾಯಿ ಸೊಸೆಯನ್ನು ಬಯ್ಯುತ್ತಿದ್ದಳು.

"ಚಪಾತಿ ಹಿಟ್ಟಿನ ಕೈಲೇ ಕೂಸಿನ ತಲಿ ಎರದಿ. ಇಲ್ಲಂದ್ರ ನಿನ್ನೆ ಮಾರಿ ಯಾಕ ಹಂಗ ಬಾತಿತ್ತು?"

"ಮೂರು ಸಲ ಸಾಬಾಣ ಹಚ್ಚಿ ತೊಳಕೊಂಡಿದ್ನಿ ಅತ್ತಿ."

"ತೊಳಕೊಂಡಿದ್ರ ಇಂಜೆಕ್ಷನ್ ಯಾಕ ಬೇಕಾಗ್ತಿತ್ತು?"

ಸೊಸೆ ಶಿವಕುಮಾರಿಯ ಮಗಳಿಗೆ ಐದು ವರ್ಷ. ಗೋಧಿ ಸೋಕಿದರೆ ಮೈಯೆಲ್ಲ ದದ್ದು. ಸೋಪು, ಶಾಂಪೂಗಳ ಲೇಬಲ್ಲನ್ನೂ ಓದಿಯೇ ಬಳಸಿ ಎಂದಿದ್ದರು ಡಾಕ್ಟರು. ಗಂಡನಿಗೂ ಅತ್ತೆಗೂ ಚಪಾತಿ ಬಿಡಲಾಗದು. ಹಾಗಾಗಿ ಶಿವಕುಮಾರಿ ಅವರಿಗೆ ಚಪಾತಿ ಬೇಯಿಸಿ, ಕಟ್ಟೆ ಒರೆಸಿ, ಸೀರೆ ಬದಲಿಸಿ, ಬೇರೆ ಹಂಚು ಇಟ್ಟು ಮಗಳಿಗೆ ಜೋಳದ ರೊಟ್ಟಿ ಮಾಡುತ್ತಾಳೆ. ದಿನಕ್ಕೆ ಎರಡು ಸಲ. ಅದೂ ಒಂದು ಕೆಲಸವೆಂದು ಆ ಮನೆಯಲ್ಲಿ ಯಾರಿಗೂ ಅನ್ನಿಸಿಲ್ಲ.

ನಿನ್ನೆ ಕೂಸಿನ ಕೂದಲಿಗೆ ಹಚ್ಚಿದ ಕಂಡೀಷನರ್ ಕೊಟ್ಟವಳು ಗುರುಬಾಯಿ. ಬಾಟಲಿಗೆ ಸ್ಟಿಕ್ಕರ್ ಅಂಟಿಸಿದವಳೂ ಅವಳೇ. ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಶಾಂಪೂ, ಕಂಡೀಷನರ್ ತುಂಬುವ ಒಂದು ಗಾಳಾದಲ್ಲಿ, ಸಣ್ಣ ಕಾರ್ಖಾನೆಯಲ್ಲಿ, ಅವಳಿಗೆ ಅದೇ ಕೆಲಸ. ಕೂದಲು ನುಣುಪಾಗಲೆಂದು ಅದರಲ್ಲಿ ರೇಷ್ಮೆಯ ಪ್ರೋಟೀನ್ ಬೆರೆಸುತ್ತಿದ್ದರು. ಹೋದ ತಿಂಗಳು ಅದರ ಬದಲು ಗೋಧಿಯದು ಡ್ರಮ್ಮಿನಲ್ಲಿ ಬಂತು. ಗೋಧಿಯದನ್ನು ಹಾಕಲು ಕಾನೂನಿನ ಅಡ್ಡಿಯಿಲ್ಲ. ಹಾಕಿದ್ದನ್ನು ಲೇಬಲ್ಲಿನಲ್ಲಿ ಬರೆಯಬೇಕು. ಸೂಪರ್‌ವೈಸರ್ ಪ್ರಫುಲ್ಲಾಗೆ ಅದು ಗೊತ್ತಿತ್ತು.

"ಹಳೇ ಸ್ಟಿಕ್ಕರ್ ರಾಶಿ ಬಿದ್ದುಂಟು ಮಾರಾಯ್ತಿ, ಮೊದಲು ಅದು ಮುಗಿಯಲಿ," ಎಂದಿದ್ದಳು. "ತಲೆಗೆ ಹಚ್ಚಿದ್ದನ್ನು ನೆಕ್ಕುವವರುಂಟಾ?"

ಎಲ್ಲರೂ ನಕ್ಕಿದ್ದರು. ಗುರುಬಾಯಿಯೂ.

ಕೊಟ್ಟಾಗ ಶಿವಕುಮಾರಿ ಬಾಟಲಿ ತಿರುಗಿಸಿ, ಬೆರಳಿಟ್ಟು ಓದಿದ್ದಳು. "ಸಿಲ್ಕ್ ಅಂತ ಅದ. ಗೋಧಿ ಇಲ್ಲಲ್ಲ ಅಕ್ಕಾ?"

ಆ ಗಳಿಗೆಗೆ ಗುರುಬಾಯಿಯ ಕಣ್ಣಮುಂದೆ ಗೋಧಿಯ ಡ್ರಮ್ಮು ಬಂದಿತ್ತು. ಕೊಟ್ಟದ್ದನ್ನು ಹಿಂದಕ್ಕೆ ಕೇಳಲು ನಾಚಿಕೆ. ಇಷ್ಟರಿಂದ ಏನಾದೀತು ಎಂಬ ಉಡಾಫೆ ಬೇರೆ. "ಇಲ್ಲ, ತಗೋ," ಎಂದುಬಿಟ್ಟಿದ್ದಳು.

ಗಂಡ ಭೀಮರಾಯ ಅದೇ ಗಾಳಾದಲ್ಲಿ ಮಾಲು ಇಳಿಸುತ್ತಾನೆ. ನಿನ್ನೆ ಸಂಜೆ ಅವನಿಗೆ ಹೇಳಿದಾಗ, "ಬಾಟ್ಲಿ ಅಷ್ಟ ಇಸಕೊಂಡು ಬಾ. ಬಾಯಿ ಬಿಟ್ರ ಇಬ್ಬರ ಕೆಲಸಾನೂ ಹೋಗ್ತದ," ಎಂದಿದ್ದ. ಈಗ ಗೊರಕೆ ಹೊಡೆಯುತ್ತಿದ್ದಾನೆ.

ಉಪಾಯ ಸುಲಭದ್ದೇ. ತಾರೀಖು ಮುಗಿದಿದೆ ಎಂದು ಬಾಟಲಿ ತಂದುಬಿಟ್ಟರೆ ಕೂಸಿಗೂ ಭಯವಿಲ್ಲ, ಕೆಲಸಕ್ಕೂ ಭಯವಿಲ್ಲ. ಶಿವಕುಮಾರಿಯ ಮೇಲೆ ಬಂದ ಅಪವಾದ ಮಾತ್ರ ಹಾಗೇ ಉಳಿಯುತ್ತದೆ. ನಾಳೆಯಿಂದ ಅವಳು ನಾಲ್ಕನೆಯ ಸಲವೂ ಕೈ ತೊಳೆಯುತ್ತಾಳೆ.

ಗುರುಬಾಯಿ ಗ್ಯಾಸ್ ಆರಿಸಿದಳು. ಗಂಡನನ್ನು ಎಬ್ಬಿಸದೆ ಹೋಗಿ ಪಕ್ಕದ ಬಾಗಿಲು ತಟ್ಟಿದಳು.

ಬಾಗಿಲು ತೆರೆದ ಶಿವಕುಮಾರಿಯ ಬೆರಳುಗಳು ನೀರಿಗೆ ಸುಕ್ಕಾಗಿದ್ದವು. "ಇಷ್ಟು ಲಗೂ ಯಾಕ ಬಂದಿ ಅಕ್ಕಾ?"

"ನಿಮ್ಮತ್ತಿ ಎಲ್ಲಿ?"

"ಈಗ ಸಂಡಾಸಕ್ಕ ಹೋದ್ರು."

ಇವಳೊಬ್ಬಳ ಕಿವಿಗೆ ಹಾಕಿ ಹೋಗಿಬಿಡಬಹುದಿತ್ತು. ಗುರುಬಾಯಿ ಹೊಸ್ತಿಲಲ್ಲೇ ಕುಳಿತಳು.

"ಬರಲಿ," ಎಂದಳು. "ಅವರ ಮುಂದನ ಹೇಳಬೇಕು."