ಮಣ್ಣಿನ ಮೇಲಿಂದ ಮಾತು

ಮಿರಜದಲ್ಲಿ ರಬ್ಬಿ ಎಂದರೆ ನಮ್ಮ ಓಣಿಯ ರಬ್ಬಿಕಾಕಾ ಒಬ್ಬರೇ. ನಿಜ ಹೇಳಬೇಕೆಂದರೆ ಅವರು ರಬ್ಬಿ ಅಲ್ಲ, ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು. ಊರಲ್ಲಿ ಉಳಿದ ನಾಲ್ಕಾರು ಯಹೂದಿ ಮನೆಗಳಿಗೆ ಪ್ರಾರ್ಥನೆ ಓದುವುದು, ಮಕ್ಕಳಿಗೆ ಅವರ ಲಿಪಿ ಕಲಿಸುವುದು, ಮದುವೆ ಸಾವುಗಳಲ್ಲಿ ಮುಂದೆ ನಿಲ್ಲುವುದು, ಎಲ್ಲ ಅವರ ಹೆಗಲ ಮೇಲೇ ಇತ್ತು. "ರಬ್ಬಿ ಅನಬ್ಯಾಡ್ರಿ, ನಾ ಬರೇ ಓದಾಂವ" ಎಂದು ಹೇಳಿ ಹೇಳಿ ಅವರು ಸೋತರು, ಊರು ಸೋಲಲಿಲ್ಲ. ಗಣಪತಿ, ಮೊಹರಂ ಒಟ್ಟಿಗೆ ಬಂದ ವರ್ಷ ಪೊಲೀಸರು ಶಾಂತತಾ ಸಮಿತಿ ಕರೆದರೆ, ಒಬ್ಬರ ಮುಖ ಒಬ್ಬರು ನೋಡದವರೂ ಇವರ ಎಡಬಲಕ್ಕೆ ಬಂದು ಕೂರುತ್ತಿದ್ದರು.

ಅವರಲ್ಲಿ ಒಂದು ಪದ್ಧತಿ ಇದೆ. ಸತ್ತವರನ್ನು ಮಣ್ಣು ಮಾಡುವ ತನಕ ಒಂಟಿಯಾಗಿ ಬಿಡುವುದಿಲ್ಲ, ಯಾರಾದರೂ ಪಕ್ಕದಲ್ಲಿ ಕೂತಿರಬೇಕು. ಕಾಕಾ ಇದನ್ನು ತಮ್ಮವರಿಗಷ್ಟೇ ಇಟ್ಟುಕೊಳ್ಳಲಿಲ್ಲ. ಮಿರಜ ಎಂದರೆ ದವಾಖಾನೆಗಳ ಊರು. ಜತ್ತ, ಅಥಣಿ, ರಾಯಬಾಗದ ಕಡೆಯಿಂದ ಬಂದವರು ಇಲ್ಲಿ ಕಣ್ಣು ಮುಚ್ಚಿದರೆ ಅವರ ಮಂದಿ ಬಂದು ಮುಟ್ಟುವ ತನಕ ಶವಾಗಾರದ ಹೊರಗಿನ ಬೆಂಚಿನ ಮೇಲೆ ಕಾಕಾ ಕೂತಿರುತ್ತಿದ್ದರು. ಬಂದವರಲ್ಲಿ ಬಹಳ ಜನಕ್ಕೆ ಕನ್ನಡವೇ ಬರುತ್ತಿದ್ದುದು. ಕಾಕಾ ಆಡುತ್ತಿದ್ದದ್ದು ಮರಾಠಿ, ಇಲ್ಲಿ ಅವರ ಮಾತನ್ನು ನಾನೇ ನಮ್ಮ ಕನ್ನಡದಲ್ಲಿ ಹೇಳುತ್ತಿದ್ದೇನೆ; ಅವರ ಕನ್ನಡ ಸಂತೆಯಲ್ಲಿ ಕಾಯಿಪಲ್ಲೆ ಕೊಳ್ಳುವಷ್ಟಕ್ಕೆ ಮುಗಿಯುತ್ತಿತ್ತು. ಹಾಗಾಗಿ ಕನ್ನಡ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ನನ್ನನ್ನು ಹಿಡಿದರು. ಇಲ್ಲಿ ಶಿಕ್ಷಕಿಯರನ್ನು ಎಲ್ಲರೂ ಕರೆಯುವಂತೆ ನನ್ನನ್ನು ‘ಬಾಯಿ’ ಎಂದೇ ಕರೆಯುತ್ತಿದ್ದರು.

ನಮ್ಮ ಅತ್ತೆಗೆ ಇದು ಸರಿ ಬರಲಿಲ್ಲ. "ಜೈನರ ಮನೀ ಸೊಸಿ ಹೆಣಾ ಕಾಯಾಕ ಹೊಂಟಾಳ" ಎಂದು ಮಾಲಗಾಂವದ ನೆಂಟರ ಮುಂದೆಲ್ಲ ಹೇಳಿಕೊಂಡರು. ನಾನೂ ಸುಮ್ಮನಿರುವವಳಲ್ಲ. "ಹೆಣಾ ಜಗಳಾ ಆಡೂದಿಲ್ಲಲ್ರಿ, ಅದಕ್ಕ ಹೋಗ್ತೇನಿ" ಎಂದೆ. ಆದರೂ ಬಂದ ಕೂಡಲೇ ಹಿತ್ತಲ ಬಚ್ಚಲಲ್ಲಿ ಸ್ನಾನ ಮಾಡಿ, ಹೊತ್ತು ಮುಳುಗುವ ಮೊದಲು ಊಟ ಮುಗಿಸುತ್ತಿದ್ದೆ. ಅಷ್ಟು ನಡೆಸಿದ ಮೇಲೆ ಅವರೂ ಬಾಯಿ ಮುಚ್ಚಿದರು.

ಆ ಮನುಷ್ಯ ಬಂದದ್ದು ಬೇಸಿಗೆಯ ಕೊನೆಗೆ. ಊರ ಹೊರಗೆ ಬೇಡಗ ಹಳ್ಳಿಯ ರಸ್ತೆ ಬದಿ ಬಿದ್ದಿದ್ದವನನ್ನು ಯಾರೋ ಟೆಂಪೋದವರು ಸರಕಾರಿ ದವಾಖಾನೆಗೆ ತಂದು ಹಾಕಿದ್ದರು. ಜೇಬಿನಲ್ಲಿ ಫೋನಿಲ್ಲ, ಗುರುತಿನ ಕಾಗದವಿಲ್ಲ. "ನೀರ ಕೊಡ್ರಿ" ಎಂದು ಎರಡು ಸಲ ಅಂದನಂತೆ, ಅಷ್ಟೇ. ಕೊರಳಲ್ಲಿ ಲಿಂಗವಿಲ್ಲ, ಮೈಮೇಲೆ ಹಚ್ಚೆಯಿಲ್ಲ, ಯಾವ ದೇವರ ದಾರವೂ ಇಲ್ಲ. ಪೊಲೀಸರು ಸುತ್ತಲ ಠಾಣೆಗಳಿಗೆ ತಿಳಿಸಿದರು. ಕಾಕಾ ಹಗಲೆಲ್ಲ ಆ ಬೆಂಚು ಬಿಟ್ಟೇಳಲಿಲ್ಲ. ಯಾರೂ ಬರಲಿಲ್ಲ. ಕಾಯುವ ಅವಧಿ ಮುಗಿಯಿತು, ಕಾಗದದ ಮೇಲೆ ಅವನು ಬೇವಾರಸ ಆದ, ಹೇಳುವವರು ಕೇಳುವವರಿಲ್ಲದ ಹೆಣ.

ಇವನನ್ನು ಹೂಳಬೇಕೋ ಸುಡಬೇಕೋ? ಸಮಿತಿಯ ಹಿರಿಯರು ದವಾಖಾನೆಯ ಬೇವಿನ ಮರದ ಕೆಳಗೆ ಸೇರಿದರು. ಒಬ್ಬರು ಕುರುಬರಿರಬೇಕು ಎಂದರು, ಇನ್ನೊಬ್ಬರು ಲಿಂಗಾಯತರು ಎಂದರು, ಮತ್ತೊಬ್ಬರು ಅಂಗೈ ದಡ್ಡು ನೋಡಿದರೆ ಕಬ್ಬು ಕಡಿಯುವವನೇ ಎಂದರು. ಸತ್ತವನ ಜಾತಿ ಹುಡುಕುವುದರಲ್ಲಿ ಇವರಿಗಿದ್ದ ಉತ್ಸಾಹ ನೋಡಿ ನನಗೆ ಮೈ ಉರಿಯಿತು. ಕೊನೆಗೆ ಎಲ್ಲರೂ ಕಾಕಾನ ಕಡೆ ತಿರುಗಿದರು.

"ಮಣ್ಣಾಗ ಇಡೂಣು" ಎಂದರು ಕಾಕಾ. "ನಾಳೆ ಯಾರರೆ ಬಂದ್ರ ತಗದು ಕೊಡಾಕ ಬರ್ತದ. ಸುಟ್ಟ ಮ್ಯಾಲ ಏನು ಕೊಡೂದು?"

ಎಂಥ ಚೊಕ್ಕ ಮಾತು ಎಂದು ಎಲ್ಲರೂ ತಲೆದೂಗಿದರು. ನಾನೂ ತೂಗಿದೆ. ಸ್ಮಶಾನದಲ್ಲಿ ಬೇವಾರಸರಿಗೆ ಬಿಟ್ಟ ಮೂಲೆಯಲ್ಲಿ ಅವನನ್ನು ಇಟ್ಟೆವು. ಕಾಕಾ ತಮ್ಮ ಕೈಯಾರೆ ಮೊದಲ ಮಣ್ಣು ಹಾಕಿದರು.

ಮಳೆ ಹಿಡಿಯುವ ಹೊತ್ತಿಗೆ ಹೆಂಡತಿ ಬಂದಳು, ಜತ್ತದ ಆಚೆಯ ಹಳ್ಳಿಯವಳು. ಠಾಣೆಯಲ್ಲಿ ಫೋಟೋ ನೋಡಿ ಗುರುತು ಹಿಡಿದಿದ್ದಳು. ಗಂಡ ಬಾವಿ ತೋಡುವ ಕೆಲಸದವನು, ಮಾಲಗಾಂವದ ದ್ರಾಕ್ಷಿ ತೋಟಗಳ ಕಡೆ ಕೆಲಸ ಸಿಕ್ಕೀತೆಂದು ಹೊರಟವನು. ಕಾಕಾನ ಮನೆಯ ಪಡಸಾಲೆಯಲ್ಲಿ ಚಹಾ ಮುಟ್ಟದೆ ಕೂತಿದ್ದಳು. ನಡೆದದ್ದನ್ನು ನಾನು ಹೇಳಿದೆ. ಹೂಳಿದೆವು ಎಂದದ್ದೇ ತಡ, ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಮಣ್ಣಾಗ ಇಟ್ರ್ಯಾ? ಅಯ್ಯ ಅಕ್ಕಾರ, ಏನ ಮಾಡಿದ್ರಿ!"

ಬಹಳ ಹಿಂದೆ ಅವನು ತೋಡುತ್ತಿದ್ದ ಬಾವಿಯ ದಂಡೆ ಕುಸಿದು ಅವನ ಮೇಲೆಯೇ ಬಿದ್ದಿತ್ತಂತೆ. ಒಂದು ಹಗಲು ಮಣ್ಣಿನಡಿ ಇದ್ದ. ತಲೆ ಎರಡು ಬಂಡೆಗಳ ಸಂದಿಯಲ್ಲಿದ್ದುದರಿಂದ ಉಸಿರಾಡುವಷ್ಟು ಜಾಗ ಉಳಿದಿತ್ತು. ಬದುಕಿ ಬಂದ, ಆದರೆ ಅವತ್ತಿನಿಂದ ಸೂರಿನ ಕೆಳಗೆ ಮಲಗಲಿಲ್ಲ. ಮಳೆಗಾಲದಲ್ಲೂ ಕಟ್ಟೆಯ ಮೇಲೆ ತಾಡಪಾಲು ಹೊದ್ದು ಮಲಗುತ್ತಿದ್ದ. ಹೊಟ್ಟೆಪಾಡಿಗೆ ಮತ್ತೆ ಬಾವಿಗೆ ಇಳಿದ, ಇಳಿಯುವಾಗ ಪ್ರತಿಸಲ ನಡುಗುತ್ತಿದ್ದ. "ನನ್ನ ಸುಡ್ರಿ, ಮಣ್ಣಾಗ ಮಾತ್ರ ಇಡಬ್ಯಾಡ್ರಿ ಅಂತ ಭಾಷಾ ತಗೊಂಡಿದ್ದಾ" ಎಂದಳು.

ನಾನು ಮರಾಠಿಯಲ್ಲಿ ಹೇಳಿ ಮುಗಿಸುವ ಮುಂಚೆಯೇ ಕಾಕಾನ ಮುಖ ಬಿಳಚಿತು. ನನ್ನ ಕಡೆ ತಿರುಗಿ ಹೇಳಿದರು: "ತಗದು ಕೊಡಾಕ ಬರ್ತದ ಅಂದದ್ದು ನೆಪಾ ಇತ್ತು, ಬಾಯಿ. ನಮ್ಮೊಳಗ ಸುಡೂದಿಲ್ಲ. ನನಗ ಸುಡೂದು ನೋಡಾಕ ಆಗೂದಿಲ್ಲ. ಇಷ್ಟು ವರ್ಷ ಯಾರ್ದು ಏನು ಅಂತ ಕೇಳಿ ಮಾಡಿದೆ, ಇವನೊಬ್ಬನಿಗೆ ನಂದ ಮಾಡಿದೆ."

ಅವರ ಮೇಲೆ ಸಿಟ್ಟೂ ಬಂತು, ಅಳುವೂ ಬಂತು. ಹೂತವರನ್ನು ಕದಲಿಸುವುದು ಅವರಲ್ಲಿ ದೊಡ್ಡ ತಪ್ಪು. ಆದರೂ ಎದ್ದು ಕೋಟು ಹಾಕಿಕೊಂಡರು. "ತಹಸೀಲ್ದಾರರ ಕಡೆ ಹೋಗೂಣು. ಪರವಾನಗಿ ತಗೊಂಡು ನಾನ ಮುಂದ ನಿಂತು ತಗಸ್ತೇನಿ, ಸುಡಸ್ತೇನಿ."

"ಮೊದಲ ಜಾಗಾ ತೋರಸ್ರಿ" ಎಂದಳು ಅವಳು.

ಸ್ಮಶಾನದಲ್ಲಿ ಮಣ್ಣು ಮಳೆಗೆ ಕುಗ್ಗಿತ್ತು. ಅವಳು ಕೂತು ಅಂಗೈ ಊರಿದಳು. ಅಳಲಿಲ್ಲ, ಮಕ್ಕಳನ್ನು ಗದರಿಸುವ ದನಿಯಲ್ಲಿ ಮಾತಾಡಿದಳು. "ಅಂಜಬ್ಯಾಡ. ಇದು ಬಾವಿ ಅಲ್ಲ. ನಾ ಬಂದೇನಿ." ಆಮೇಲೆ ನಮ್ಮ ಕಡೆ ತಿರುಗಿದಳು.

"ತಗೀಬ್ಯಾಡ್ರಿ, ಅಜ್ಜಾರ. ಈಗ ತಗದ್ರ ಅವನ ಮುಖಾ ನಾ ಹ್ಯಾಂಗ ನೋಡ್ಲಿ? ಅವತ್ತ ಬಾವ್ಯಾಗ ಅಂವ ಹ್ಯಾಂಗ ಬದುಕಿದಾ ಗೊತ್ತೇನ್ರಿ? ಮ್ಯಾಲಿದ್ದ ಮಂದಿ ಒಂದ ಸವನ ಮಾತಾಡಿದ್ರಂತ. ಆ ದನಿ ಹಿಡಕೊಂಡು ಜೀವಾ ಹಿಡದಿದ್ದಾ. ನಾ ದೂರದಾಕಿ, ಬರಾಕ ಆಗೂದಿಲ್ಲ. ನೀವು ಆಗಾಗ ಬಂದು ಮಾತಾಡಿಸ್ರಿ."

ಕಾಕಾ ಆಣೆ ಮಾಡುವವರಂತೆ ತಲೆಯ ಮೇಲೆ ಕೈಯಿಟ್ಟುಕೊಂಡು ಆಯಿತೆಂದರು. ಮಾತು ಕೊಟ್ಟವರು ಅವರಾದರೂ ಆಡಬೇಕಾದವಳು ನಾನು, ಏಕೆಂದರೆ ಅವನಿಗೆ ಬರುತ್ತಿದ್ದದ್ದು ಕನ್ನಡ. ಭಾನುವಾರ ಬೆಳಿಗ್ಗೆ ಇಬ್ಬರೂ ಹೋಗುತ್ತಿದ್ದೆವು. ಮೊದಮೊದಲು ನಾಚಿಕೆಯಾಗುತ್ತಿತ್ತು. ಆಮೇಲೆ ಮಳೆ, ದ್ರಾಕ್ಷಿಯ ದರ, ಅತ್ತೆಯ ಮಂಡಿನೋವು, ಬಾಯಿಗೆ ಬಂದದ್ದನ್ನೆಲ್ಲ ಹೇಳಿದೆ. ಕಾಕಾ ಟೊಪ್ಪಿಗೆ ಹಾಕಿಕೊಂಡು ಸುಮ್ಮನೆ ನಿಂತಿರುತ್ತಿದ್ದರು. ಈಗ ಅವರು ಮುಂಬೈ ಹತ್ತಿರದ ಠಾಣೆ ಊರಲ್ಲಿ ಮಗಳ ಮನೆಯಲ್ಲಿದ್ದಾರೆ. ಶುಕ್ರವಾರ ಫೋನು ಮಾಡುತ್ತಾರೆ. ಆರೋಗ್ಯ ಕೇಳಿದರೆ ಹೇಳುವುದಿಲ್ಲ, ಹೋಗಿದ್ದೆನೋ ಇಲ್ಲವೋ ಅಷ್ಟೇ ಕೇಳುತ್ತಾರೆ.

ಮೊನ್ನೆ ಒಬ್ಬಳೇ ನಿಂತು ಮಾತಾಡುತ್ತಿದ್ದೆ. ಪಕ್ಕದಲ್ಲೇ ಹೊಸ ಗುಂಡಿಗೆ ನಗರಪಾಲಿಕೆಯ ಆಳು ಗುದ್ದಲಿ ಹಾಕಿದ. ಧಪ್ ಎಂದು ಮೊದಲ ಪೆಟ್ಟು ಬಿದ್ದದ್ದೇ ನನ್ನ ಮಾತು ನಿಂತುಹೋಯಿತು. ಬಾವಿಯ ಮೇಲಿದ್ದ ಮಂದಿ ಬರೀ ಮಾತಾಡಿರಲಿಲ್ಲ, ಮಾತಾಡುತ್ತ ಅಗೆಯುತ್ತಿದ್ದರು. ಇಷ್ಟು ದಿನ ನಾನು ದನಿಯೊಂದನ್ನೇ ಕೊಟ್ಟು ಬರುತ್ತಿದ್ದೆ. ಅವನು ಕೆಳಗೆ ಕಾಯುತ್ತಿದ್ದದ್ದು ಈ ಸಪ್ಪಳಕ್ಕೆ.

ಗುದ್ದಲಿ ಒಂದೇ ಸಮನೆ ಬೀಳುತ್ತಿತ್ತು. ಆ ಆಳಿಗೆ ನಿಲ್ಲಿಸು ಎನ್ನಲು ಬಾಯಿ ಬರಲಿಲ್ಲ, ಅಲ್ಲಿಂದ ಹೊರಟು ಬರಲೂ ಮನಸ್ಸು ಬರಲಿಲ್ಲ. ಕೊನೆಗೆ ಕೂತು, ಆಕೆ ಊರಿದ ಹಾಗೆ ಅಂಗೈ ಊರಿದೆ.

"ಅದು ನಿಮಗಲ್ರೀ, ಅಣ್ಣಾ" ಎಂದೆ. "ಬ್ಯಾರೆಯವರಿಗೆ."